ಉದ್ದಕ್ಕೆ ಸೀಳಿದ ದ್ರಾಕ್ಷಿ

ತೊಕೊಪಿಯದಲ್ಲಿ ಮಳೆ ಎಂಬುದು ಅಜ್ಜಂದಿರು ಹೇಳುವ ಮಾತು.
ಒಂದು ಕಡೆ ಬೋಳು ಗುಡ್ಡ, ಒಂದು ಕಡೆ ಕಡಲು,
ನಡುವೆ ಚಾಪೆ ಹಾಸಿದಷ್ಟು ಜಾಗದಲ್ಲಿ ಊರು.
ಕಡಲ ಕಡೆಯ ಕೊನೇ ಬೀದಿಯಲ್ಲಿ ನಮ್ಮ ಶಿಶುವಿಹಾರ:
ಹಳದಿ ಗೋಡೆ, ಮಕ್ಕಳ ಕೈಗೆ ಎಟುಕದ ಚಿಲಕ.

ಇಲ್ಲಿ ನಮ್ಮನ್ನು ಟೀಚರ್ ಎನ್ನುವುದಿಲ್ಲ.
ತೀಯ ಎನ್ನುತ್ತವೆ, ಅಂದರೆ ಚಿಕ್ಕಮ್ಮ.
ನಾನು ಬಂದು ಹದಿನೈದು ದಿನದ ಚಿಕ್ಕಮ್ಮ.
ಯೋರ್ಕ ಇಪ್ಪತ್ತಾರು ವರ್ಷದವಳು.
ಅಷ್ಟು ವರ್ಷದ ಹುಳಿ ಅವಳ ನಾಲಿಗೆಯಲ್ಲಿತ್ತು.

ನೀರಿಗೆ ಥರ್ಮಾಮೀಟರ್ ಅದ್ದಿದ ಮೇಲೂ
ಮೊಣಕೈ ಅದ್ದು ಎನ್ನುವಳು.
ಗೊಂಬೆಗಳ ಕಣ್ಣು ಜಗ್ಗಿ ನೋಡುವಳು,
ಸಡಿಲವಾಗಿದ್ದರೆ ಗೊಂಬೆಗೆ ಅಂದೇ ನಿವೃತ್ತಿ.
ಮಲಗಿದ ಹಸುಗೂಸುಗಳ ಹತ್ತಿರ
ಹತ್ತು ನಿಮಿಷಕ್ಕೊಮ್ಮೆ ಬಗ್ಗಿ
ಎದೆ ಏರಿತೇ, ಇಳಿಯಿತೇ,
ಹಾಳೆಯಲ್ಲೊಂದು ಗೀಟು.

‘ಎಷ್ಟು ಮಕ್ಕಳು?’
‘ಈಗ ತಾನೇ ಎಣಿಸಿದೆನಲ್ಲ, ಹದಿನೇಳು.’
‘ಅದು ಆಗಿನ ಲೆಕ್ಕ. ಈಗಿನದು ಹೇಳು.’

ಎಲ್ಲಕ್ಕಿಂತ ಹೆಚ್ಚು ರೇಗಿಸಿದ್ದು ದ್ರಾಕ್ಷಿ.
ನಾನು ಅಡ್ಡಕ್ಕೆ ಕೊಯ್ದಿದ್ದೆ. ತಟ್ಟೆಯನ್ನೇ ಎತ್ತಿಕೊಂಡು ಹೋದಳು.
‘ಅಡ್ಡಕ್ಕೆ ಕೊಯ್ದರೂ ಅದು ದುಂಡಗೇ. ಉದ್ದಕ್ಕೆ ಸೀಳು.’
ನನಗೂ ಬಾಯಿ ಸುಮ್ಮನಿರಲಿಲ್ಲ:
ಅಲ್ಲಮ್ಮ, ಬಾಗಿಲಲ್ಲೇ ಕಡಲಿದೆ,
ನೆಲ ತಿಂಗಳಿಗೆರಡು ಸಲ ಮೈ ಕೊಡವುತ್ತದೆ,
ನೀನು ದ್ರಾಕ್ಷಿಗೆ ಹೆದರುತ್ತೀಯಲ್ಲ?
ಚಾಕು ಒರೆಸುತ್ತ ಅಂದಳು:
‘ಕಡಲು ಬರುವ ಮುಂಚೆ ಸೈರನ್ ಕೂಗುತ್ತದೆ.
ಉಸಿರು ಕಟ್ಟಿದ ಮಗು ಕೂಗುವುದಿಲ್ಲ.’

ಮಾರ್ಚ್ ತಿಂಗಳ ಒಂದು ಗುರುವಾರ
ಹಾಲಿನ ಬಾಟಲಿಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು.
ಆಮೇಲೆ ಗೋಡೆ. ಆಮೇಲೆ ಸೈರನ್.
ನನ್ನ ಜೀವ ಬಾಯಿಗೆ ಬಂತು, ಯೋರ್ಕಳ ಕೈ ಹಗ್ಗಕ್ಕೆ ಹೋಯಿತು.
ಹದಿಮೂರು ಕುಣಿಕೆಯ ಹಗ್ಗ, ಹದಿಮೂರು ಪುಟ್ಟ ಮುಷ್ಟಿ.
ಚಕ್ರದ ತೊಟ್ಟಿಲಲ್ಲಿ ನಾಲ್ಕು ಹಸುಗೂಸು,
ಮೂಲಂಗಿ ಜೋಡಿಸಿದ ಹಾಗೆ.
ಎವೆರ್ತನ ಅಲರ್ಜಿಯ ಇಂಜೆಕ್ಷನ್ ಅವಳ ಸೊಂಟದ ಚೀಲದಲ್ಲಿ.

ಗುಡ್ಡದ ಹಾದಿ ಹನ್ನೊಂದು ನಿಮಿಷ.
ತಿಂಗಳ ಅಭ್ಯಾಸದ ದಿನ ನಾನು ಅದನ್ನು
ಹೊರಸಂಚಾರ ಎಂದು ನಗಾಡಿದ್ದೆ.
ಲಿಹುವೇನ್‌ಳ ಬಲಗಾಲ ಶೂ ಕಳಚಿತು.
‘ಬಿಡು,’ ಎಂದಳು, ಮಗುವನ್ನು ಎತ್ತಿ
ಖಾಲಿಯಾದ ಕುಣಿಕೆಯನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು.
ತಿರುವಿಗೊಮ್ಮೆ ಎಣಿಕೆ.
ಹದಿನೇಳು. ಹದಿನೇಳು. ಹದಿನೇಳು.

ಮೇಲೆ ಊರಿಗೆ ಊರೇ ಕೂತಿತ್ತು,
ಮೀನುಗಾರರು, ಬ್ಯಾಂಕಿನವರು, ಪಂಜರದ ಗಿಳಿಯೊಂದಿಗೆ ಒಬ್ಬ ಮುದುಕ.
ಒಂದು ತಾಸು ಕಳೆದಿರಬೇಕು.
ಯಾರೋ ಹೆಂಗಸು, ಒಳ್ಳೆಯ ಮನಸ್ಸಿನವಳು,
‘ಪಾಪ, ಹಸಿದಿವೆ’ ಎಂದು
ಬುಟ್ಟಿ ತುಂಬ ದ್ರಾಕ್ಷಿ ತಂದಿಟ್ಟಳು.
ಒಂದೊಂದೂ ಕಪ್ಪಗೆ, ನುಣ್ಣಗೆ, ಗೋಲಿಯಂತೆ.

ಯೋರ್ಕ ಧನ್ಯವಾದ ಹೇಳಿದಳು.
ಒದ್ದೆ ಬಟ್ಟೆಯಲ್ಲಿ ಮೊದಲು ತನ್ನ ಕೈ, ಆಮೇಲೆ ಇಪ್ಪತ್ತಾರು ಅಂಗೈ,
ಬೆರಳ ಸಂದಿಯನ್ನೂ ಬಿಡದೆ ಒರೆಸಿದಳು.
ಮಕ್ಕಳನ್ನು ನೆಲಕ್ಕೆ ಕೂರಿಸಿದಳು. ಓಡುವ ಬಾಯಿಗೆ ತಿನಿಸಿಲ್ಲ.
ಚಾಕು ಇರಲಿಲ್ಲ.
ಹೆಬ್ಬೆರಳ ಉಗುರಿನಿಂದ
ಒಂದೊಂದೇ ದ್ರಾಕ್ಷಿಯನ್ನು ಉದ್ದಕ್ಕೆ ಸೀಳತೊಡಗಿದಳು.

ಅಲ್ಲಿದ್ದವರೆಲ್ಲ ಕಡಲು ನೋಡುತ್ತಿದ್ದೆವು.
ಹಿಂದೆ ಸರಿಯಿತೇ? ಬಣ್ಣ ಬದಲಾಯಿತೇ?
ಅವಳು ಕಡಲಿಗೆ ಬೆನ್ನು ಹಾಕಿ ಕೂತಿದ್ದಳು,
ಹದಿಮೂರು ಬಾಯಿಗಳನ್ನು ನೋಡುತ್ತ.
ನಾನೂ ತಿರುಗಿ ಕೂತೆ. ಉಗುರು ಚಿಕ್ಕದಿತ್ತು,
ರಸ ಮೊಣಕೈವರೆಗೆ ಇಳಿಯಿತು.

ಕಡಲು ಬರಲಿಲ್ಲ. ಸಂಜೆಗೆ ಇಳಿದೆವು.
ಚಿಲಕ ಹಾಕಿ, ಮತ್ತೊಮ್ಮೆ ಎಣಿಸಿ,
ಯೋರ್ಕ ದಿನದ ಪುಸ್ತಕ ತೆರೆದಳು.
ಹೋದವರು ಹದಿನೇಳು, ಬಂದವರು ಹದಿನೇಳು.
‘ಘಟನೆ’ ಎಂಬ ಕಾಲಮ್ಮಿನಲ್ಲಿ
ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ ಬರೆದಳು:
ಒಂದು ಶೂ ಕಾಣೆ. ಬಲಗಾಲಿನದು. ತಾಯಿಗೆ ತಿಳಿಸಬೇಕು.