ಹೆಬ್ಬೆಟ್ಟಿನ ತೂಕ

ಅಂಗಡಿ ಮುಚ್ಚಿದ ದಿನ ಕೊಕ್ಕೆಗಳನ್ನು ಮಾರಿದೆ.
ಮಾಂಸ ಕಡಿಯುವ ಕೊರಡನ್ನು ಪಕ್ಕದ ಬೀದಿಯವನೊಬ್ಬ
ಹೂಕುಂಡ ಇಡಲೆಂದು ಹೊತ್ತುಕೊಂಡು ಹೋದ.
ಮುಳ್ಳಿನ ತಕ್ಕಡಿ ಮಾತ್ರ ಕಂಬಳಿಯಲ್ಲಿ ಸುತ್ತಿ ಮನೆಗೆ ತಂದೆ.
ಈಗ ಅದು ಅಡುಗೆಮನೆಯ ಕಿಟಕಿಯ ಹತ್ತಿರ.
ಆಚೆ ಲನೆಲ್ಲಿಯ ಸಮುದ್ರ, ಇಳಿತದ ಹೊತ್ತು,
ಮೈಲಿಗಟ್ಟಲೆ ಬರೀ ಕೆಸರು.

ನಾಯಿಯ ಹೆಸರು ಬಾರಾ.
ನಮ್ಮ ವೆಲ್ಷ್ ಮಾತಿನಲ್ಲಿ ರೊಟ್ಟಿ ಎಂದರ್ಥ.
ಹೆಸರಿಟ್ಟವಳು ದಿಲ್ವೆನ್.
ಹೆಸರಿಗೆ ತಕ್ಕ ಹಾಗೆ ಉಬ್ಬಿತು,
ಒಲೆಯ ಮಗ್ಗುಲಲ್ಲಿಟ್ಟು ಮರೆತ ಹುದುಗು ಹಿಟ್ಟು.
ಮೂಗು ಮುಖದೊಳಕ್ಕೇ ಸರಿದು ನಿಂತಿದೆ,
ಯಾರೋ ರಪ್ಪೆಂದು ಬಾಗಿಲು ಹಾಕಿದಾಗ
ಹೊಸ್ತಿಲಲ್ಲೇ ಇದ್ದ ಹಾಗೆ.
ಮೂರು ಮೆಟ್ಟಿಲು ಹತ್ತಿದರೆ ತಿದಿ, ರಾತ್ರಿ ಮಲಗಿದರೆ ಗರಗಸ.

ಪ್ರೊಬರ್ಟ್ ಡಾಕ್ಟರು, ನನ್ನ ಮೊಮ್ಮಗಳ ವಯಸ್ಸು,
ಅದರ ಮಗ್ಗುಲಿಗೆ ಹತ್ತು ಬೆರಳೂ ಒತ್ತಿ ಹುಡುಕಿದರು.
‘ಇಲ್ಲಿ ಪಕ್ಕೆಲುಬು ಇರಬೇಕಲ್ಲ, ಸಿಗ್ತಾ ಇಲ್ಲ.’
ನಲವತ್ತು ವರ್ಷ ಪಕ್ಕೆಲುಬು ಕಡಿದವನು ನಾನು
ತಲೆ ತಗ್ಗಿಸಿ ಕೇಳಿಸಿಕೊಂಡೆ.
ಆಳದ ಬೋಗುಣಿ ಬೇಡ, ಮೂಗೇ ಮುಳುಗುತ್ತದೆ,
ಅನ್ನದ ಜೊತೆ ಗಾಳಿಯನ್ನೂ ನುಂಗುತ್ತದೆ.
ಅಗಲ ತಟ್ಟೆ. ಹೊತ್ತಿಗೆ ನೂರಮೂವತ್ತು ಗ್ರಾಂ, ದಿನಕ್ಕೆರಡು ಹೊತ್ತು.
ಹಂದಿಯ ಚರ್ಮ, ಚೀಸಿನ ತುದಿ, ಎಲ್ಲ ಬಂದ್.
ಬಾಯಾಡಿಸಲು ಬೇಕೆಂದರೆ ಬೇಯಿಸಿದ ಹುರುಳಿಕಾಯಿ.
ಉಂಡ ಮೇಲೆ ಮಡಿಕೆಗಳ ಸಂದು ಒರೆಸಿ ಒಣಗಿಸಿ.
‘ಇದಕ್ಕೆ ಕೊಬ್ಬು ಅಂದ್ರೆ ಕತ್ತಿನ ಸುತ್ತ ಕೈ ಇಟ್ಟ ಹಾಗೆ’ ಅಂದರು.

ದಿಲ್ವೆನ್ ಕೇಳಬೇಕಲ್ಲ.
ಏಳು ಮಕ್ಕಳ ಮನೆಯಲ್ಲಿ ಕೊನೆಯ ತಟ್ಟೆ ಅವಳದು.
‘ಅಳೆದು ಹಾಕೋದು ಜೈಲಿನ ಊಟ’ ಅಂತ
ಕನ್ನಡಕ ಏರಿಸಿ ನನ್ನ ಬೆನ್ನ ಹಿಂದೆ ನಿಲ್ಲುತ್ತಾಳೆ.
ಮುಳ್ಳು ನೂರರವತ್ತಕ್ಕೆ ಬರದೆ ತಟ್ಟೆ ಏಳುವಂತಿಲ್ಲ.

ಆಗ ನನ್ನ ಹೆಬ್ಬೆಟ್ಟಿಗೆ ಹಳೆಯ ವಿದ್ಯೆ ನೆನಪಾಯಿತು.

ತಟ್ಟೆಯ ಅಂಚಿಗೆ, ಹಿಡಿದುಕೊಂಡ ಹಾಗೆ, ಸುಮ್ಮನೆ.
ಮುಳ್ಳು ಹೋಗಿ ನೂರರವತ್ತಕ್ಕೆ ನಿಂತಿತು.
ಮೂವತ್ತು ಗ್ರಾಂ ನಾನು.
‘ಹಾಗೆ ಬಾ ದಾರಿಗೆ’ ಅಂದಳು ದಿಲ್ವೆನ್.

ಈ ತಕ್ಕಡಿಯ ಮುಖದಲ್ಲಿ ಎರಡು ಸುತ್ತು ಅಂಕಿ,
ಒಳಗೆ ಗ್ರಾಂ, ಹೊರಗೆ ಔನ್ಸು.
ಹೊರಸುತ್ತಿನ ಕಡೆ ನಾನು ನೋಡುವುದಿಲ್ಲ.
ಶುಕ್ರವಾರಗಳಲ್ಲಿ ಮಿಸೆಸ್ ಬೆವನ್ ಬರುತ್ತಿದ್ದರು,
ತಗಡಿನ ಕಾರ್ಖಾನೆಯಲ್ಲಿ ಗಂಡನನ್ನು ಕಳೆದುಕೊಂಡವರು.
ಕುರಿಯ ಕುತ್ತಿಗೆ ಮೂಳೆ, ಒಂದು ಪೌಂಡು.
ಕೈಗವಸಿನೊಳಗಿಂದ ಕಾಸು ಒಂದೊಂದೇ ಉದುರಿಸಿ ಎಣಿಸುವಾಗ
ಅವರ ಕಣ್ಣು ಕಾಸಿನ ಮೇಲೆ,
ನನ್ನ ಹೆಬ್ಬೆಟ್ಟು ತಟ್ಟೆಯ ಮೇಲೆ.
ಅರ್ಧ ಔನ್ಸು. ಅಷ್ಟೇ.
ವಾರಕ್ಕೆ ಅರ್ಧ ಔನ್ಸು, ಹನ್ನೊಂದು ವರ್ಷ.
ಲೆಕ್ಕ ಹಾಕಲು ಕೂತು ಎರಡು ಸಲ ಎದ್ದಿದ್ದೇನೆ.

ಅಂದು ಯಾರೂ ನೋಡಲಿಲ್ಲ. ಇಂದು ಬಾರಾ ನೋಡುತ್ತದೆ.
ಕೆಳಗೆ ಕೂತು, ಕೆಳದವಡೆ ಮುಂದೆ ಚಾಚಿ, ಜೊಲ್ಲು ಸುರಿಸುತ್ತ,
ಅಗಲಗಣ್ಣು ಎರಡೂ ನೆಟ್ಟಗೆ ಹೆಬ್ಬೆಟ್ಟಿಗೇ.
ನ್ಯಾಯಾಧೀಶರ ಮುಖ ಅದಕ್ಕೆ ಹುಟ್ಟಿನಿಂದಲೇ ಇದೆ,
ನಾನೇನು ಮಾಡಲಿ?

ನಾಲ್ಕು ತಿಂಗಳಾಯಿತು. ಐದು ಕಿಲೋ ಇಳಿದಿದೆ.
ಒತ್ತಿದರೆ ಬೆರಳಿಗೆ ಎಲುಬು ಸಿಗುತ್ತದೆ, ಒಂದು, ಎರಡು, ಮೂರು.
ಕಡಲಗೋಡೆಯ ಮೆಟ್ಟಿಲನ್ನು ನನಗಿಂತ ಮೊದಲು ಹತ್ತಿ
ತಿರುಗಿ ನೋಡುತ್ತದೆ.
ರಾತ್ರಿ ಗರಗಸ ಬೇರೆ ಯಾರದೋ ಮನೆಯಲ್ಲಿದ್ದಂತೆ.
ದಿಲ್ವೆನ್ ಬೀದಿಗೆಲ್ಲ ಸಾರುತ್ತಾಳೆ:
‘ಹೊಟ್ಟೆ ತುಂಬ ಹಾಕಿದ್ದಕ್ಕೇ ನೋಡಿ, ಎಷ್ಟು ಚುರುಕಾಗಿದೆ!’
ನಾನು ಹೂಂ ಅನ್ನುತ್ತೇನೆ.

ಹೊಟ್ಟೆಗೆ ಹಾಕಿಕೋ ಬಾರಾ, ಅಂತ ಒಮ್ಮೆ ಅಂದೆ,
ಅದಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ.
ಅಂದದ್ದು ಅದಕ್ಕೊಂದಕ್ಕೇ ಅಲ್ಲ.
ತಟ್ಟೆ ಮುಗಿಸಿ, ತಟ್ಟೆಯನ್ನೇ ಗೋಡೆಯವರೆಗೆ ತಳ್ಳಿ,
ಅದು ಬಂದು ನನ್ನ ಹೆಬ್ಬೆಟ್ಟು ನೆಕ್ಕಿತು,
ಒಳಗೂ ಹೊರಗೂ, ಉಗುರಿನ ಸಂದಿಯಲ್ಲೂ, ಬಹಳ ಹೊತ್ತು.
ಅಲ್ಲಿ ಏನೂ ಉಳಿದಿಲ್ಲ ಅಂತ
ಹೇಗೆ ಹೇಳಲಿ.