ಹಾಲುಹಾದಿ

ಮೂವತ್ತೊಂದು ವರ್ಷ ಈ ರಸ್ತೆಯಲ್ಲಿ ಹಾಲಿನ ಟ್ಯಾಂಕರು ಓಡಿಸಿದೆ.
ಕೇಳಿದವರಿಗೆಲ್ಲ ಹೇಳುತ್ತಿದ್ದೆ:
ನೆಬ್ರಾಸ್ಕ ಅಂದರೇನು, ತಟ್ಟಿದ ರೊಟ್ಟಿ. ಸಪಾಟು.

ಇವತ್ತು ಮೊಣಕಾಲು ಬೇರೆ ಭೂಗೋಳ ಹೇಳುತ್ತಿದೆ.
ಟೆಕ್ಲಾ ದಾಟಿದ ಮೇಲೆ ಏರು.
ಕಣ್ಣಿಗೆ ಕಾಣದ, ಚೈನಿಗೆ ಮಾತ್ರ ತಿಳಿಯುವ ಏರು,
ಒಂಬತ್ತು ಮೈಲಿ.
ಇಂಜಿನ್ನು ಒಂದು ದಿನವೂ ಇದನ್ನು ನನಗೆ ಹೇಳಲಿಲ್ಲ.

ಐದೂವರೆಗೆ ಹೊರಟದ್ದು. ಡಾರ್ಲಾ ಮಲಗಿದ್ದಳು,
ಅಥವಾ ಮಲಗಿದಂತಿದ್ದಳು. ಜಗಳ ನಿನ್ನೆಯೇ ಮುಗಿದಿತ್ತು.
"ಅರವತ್ತಮೂರನೇ ವಯಸ್ಸಿಗೆ, ಒಂದೂವರೆ ಕಣ್ಣಿನಲ್ಲಿ, ಎಂಬತ್ತು ಮೈಲಿ!"
ಒಂದೂವರೆಯಲ್ಲ, ಒಂದೂಮುಕ್ಕಾಲು, ಅಂದಿದ್ದೆ.
ಎಡಗಣ್ಣಿನ ಅಂಚಿನಲ್ಲಿ ಸಂಜೆಯಾಗಿದೆ, ಅಷ್ಟೇ.
ಅಷ್ಟಕ್ಕೇ ಲೈಸೆನ್ಸು ಕಿತ್ತುಕೊಂಡರು.
ಸೈಕಲ್ಲಿಗೆ ಯಾರೂ ಕೇಳುವುದಿಲ್ಲ.
ಹ್ಯಾಂಡಲಿನ ಎಡಕ್ಕೊಂದು ಕನ್ನಡಿ ಕಟ್ಟಿ
ಹೋದ ಅಂಚನ್ನು ಅದರಲ್ಲಿಟ್ಟುಕೊಂಡು ಬಂದಿದ್ದೇನೆ.

ಊರಿಗಿಂತ ಮೊದಲು ಊರಿನ ಕಣಜ ಕಾಣುತ್ತದೆ,
ಮುಸುಕಿನ ಜೋಳದ ಮೇಲೆ ಬೆಳ್ಳಗೆ, ಕಾಂಕ್ರೀಟು.
ರೇಡಿಯೋದಲ್ಲಿ ಎರಡು ಹಾಡು ಮುಗಿಯುವಷ್ಟರಲ್ಲಿ ಬಂದುಬಿಡುತ್ತಿತ್ತು.
ಈಗ ಗಂಟೆಗಟ್ಟಲೆ ತುಳಿದರೂ ಅಲ್ಲೇ,
ಕರೆದರೂ ಬಾರದ ಹಸುವಿನಂತೆ.
ಎದುರುಗಾಳಿ.
ಬೈದೆ, ಜೆಕ್ ಭಾಷೆಯಲ್ಲಿ.
ಅಜ್ಜಿಯಿಂದ ನನಗೆ ಬಂದ ಆಸ್ತಿ ಅದೇ, ನಾಲ್ಕು ಬೈಗುಳ.

ಲಿಬ್ಯೂ. ಜನಸಂಖ್ಯೆ ನೂರಾ ಹದಿನಾಲ್ಕು, ಎನ್ನುತ್ತದೆ ಬೋರ್ಡು.
ಬೇಕರಿಯ ಲುದ್ಮಿಲಾ ಗುರುತು ಹಿಡಿಯಲಿಲ್ಲ.
ಹೆಲ್ಮೆಟ್ಟು ತೆಗೆದೆ.
"ಅಯ್ಯೋ, ಹಾಲಿನವನು! ನಿನಗೆ ಕಾಲಿದೆ ಅಂತ ಇವತ್ತು ಗೊತ್ತಾಯಿತು."
ಗಸಗಸೆ ತುಂಬಿದ ಕೊಲಾಚೆ ಎರಡು ಕೊಟ್ಟು
ಒಂದರ ದುಡ್ಡು ತೆಗೆದುಕೊಂಡಳು.
ಹನ್ನೆರಡಕ್ಕೆ ಅಗ್ನಿಶಾಮಕದ ಸೈರನ್ನು. ಬೆಂಕಿಯಲ್ಲ, ಬರೀ ಮಧ್ಯಾಹ್ನ.
ಊರ ನಾಯಿಗಳೆಲ್ಲ ದನಿಗೂಡಿಸಿದವು. ದಿನವೂ ಹೀಗೇ ಅಂತೆ.
ಹನ್ನೆರಡಕ್ಕೆ ನಾನು ಯಾವತ್ತೂ ಡೈರಿಯಲ್ಲಿ, ಕೊಳವೆ ತೊಳೆಯುತ್ತ.

ಆಮೇಲೆ ಕೊಟ್ಟಿಗೆಗಳು. ಎಲ್ಲ ನನ್ನ ನಿಲುಗಡೆಗಳೇ.
ಒಂದರಲ್ಲಿ ಯಾರದೋ ದೋಣಿ. ಒಂದು ಮದುವೆಗೆ ಬಾಡಿಗೆಗೆ.
ಹಾಲು ಇರುವುದು ಇನ್ನೆರಡು ಕಡೆ.
ದುಃಖಪಡೋಣವೆಂದು ಓರ್ವಿಲ್ ಹ್ರೂಷ್ಕಾನ ಅಂಗಳದಲ್ಲಿ ನಿಂತರೆ
ಅವನು ನಕ್ಕ: "ಈಗಲೂ ನಾಲ್ಕಕ್ಕೇ ಎಚ್ಚರ.
ಏಳಬೇಕಾಗಿಲ್ಲ ಎಂದು ನೆನಪಾಗುತ್ತದೆ ನೋಡು,
ಆ ಸುಖಕ್ಕೆ ಇನ್ನೊಮ್ಮೆ ಮಲಗುತ್ತೇನೆ."
ಅವನ ನಲ್ಲಿಯಲ್ಲಿ ಬಾಟಲಿ ತುಂಬಿಸಿದೆ. ಕಬ್ಬಿಣದ ರುಚಿ.

ಅರವತ್ತೆಂಟನೆಯ ಮೈಲಿ. ಪೆಟ್ರೋಲು ಬಂಕು.
ಕೌಂಟರಿನ ಹುಡುಗಿ, ಎದೆಯ ಮೇಲೆ ಹೆಸರು: ಇಟ್ಸೆಲ್.
ಎಲ್ಲಿಂದ ಎಂದಳು, ಹೇಳಿದೆ. ಯಾಕೆ ಎಂದಳು, ತಿಳಿಯಲಿಲ್ಲ.
ಮಂಜುಗಡ್ಡೆಗೆ ಕಾಸು ಬೇಡವೆಂದಳು.
"ನಮ್ಮಪ್ಪನೂ ಈ ರಸ್ತೆಯಲ್ಲಿ ಸೈಕಲ್ಲೇ.
ಮಾಂಸದ ಕಾರ್ಖಾನೆ, ರಾತ್ರಿಪಾಳಿ.
ಬೆಳಗಿನ ಜಾವ ವಾಪಸು ಬರುತ್ತಿದ್ದ. ದೀಪವಿರಲಿಲ್ಲ."

ಲೋಟ ಕೈಯಲ್ಲೇ ಉಳಿಯಿತು.
ಒಂದು ಬೆಳಗಿನ ಜಾವ, ಇದೇ ತಿರುವು,
ನಾನು ಒತ್ತಿ ಹಿಡಿದ ಹಾರ್ನು,
ಕನ್ನಡಿಯಲ್ಲಿ ಚರಂಡಿಗಿಳಿದ ಒಂದು ನೆರಳು.
ದೀಪವಿಲ್ಲದ ಮೂರ್ಖ, ಎಂದು ಡೈರಿಯಲ್ಲಿ ಹೇಳಿ ನಗಿಸಿದ್ದೆ.
ಅವನೇ ಎಂದು ಏನು ಖಾತ್ರಿ?
ಅವನಲ್ಲವೆಂದು ಏನು ಖಾತ್ರಿ?
"ಈಗ ಹೇಗಿದ್ದಾನೆ ನಿಮ್ಮಪ್ಪ?"
"ಈಗ ಕಾರಿದೆ," ಎಂದಳು, ಮುಂದಿನವನಿಗೆ ಚಿಲ್ಲರೆ ಎಣಿಸುತ್ತ.

ಹೇಳಲಿಲ್ಲ. ಹೊರಗೆ ಬಂದು
ಹಗಲು ಬೆಳಕಿನಲ್ಲೇ ಹಿಂದಿನ ಕೆಂಪು ದೀಪ ಹಚ್ಚಿದೆ.
ಉಳಿದ ಹನ್ನೆರಡು ಮೈಲಿ ಅದು ಮಿಟುಕುತ್ತಲೇ ಇತ್ತು.

ಊರ ಪಾರ್ಕಿನಲ್ಲಿ ಡೇರೆ. ಡಾರ್ಲಾಗೆ ಫೋನು: ಮುಟ್ಟಿದೆ.
"ಗಾಳಿ?" ಇತ್ತು.
"ಕಣ್ಣು?" ಇದೆ.
ಪಾರ್ಕಿನ ದೀಪ ಬೆಳತನಕ ಆರುವುದಿಲ್ಲವಂತೆ;
ನಕ್ಷತ್ರಗಳನ್ನು ನಂಬಿಕೊಂಡು ಮಲಗಬೇಕು.
ದೂರದಲ್ಲೊಂದು ಲಾರಿ ಗೇರು ಇಳಿಸಿತು, ನರಳುತ್ತ ಏರಿತು.
ಅಂದರೆ ಇಂಜಿನ್ನು ಹೇಳುತ್ತಲೇ ಇತ್ತೋ ಏನೋ.
ನಾನು ರೇಡಿಯೋ ಹಾಕಿಕೊಂಡಿದ್ದೆ.