ಹುಳದ ಮನೆ, ಶನಿವಾರ

ತೋಟದಲ್ಲೇ ಹೊಸ ಶೆಡ್ಡು ಎದ್ದ ಮೇಲೆ
ಮನೆ ಹಿಂದಿನ ಹುಳದ ಮನೆ
ಎರಡು ವರ್ಷ ಮುರಿದ ಚಂದ್ರಿಕೆ ಕಾಯುತ್ತ ಕೂತಿತ್ತು.
ಕೇಳಿದೆ. ಅಪ್ಪ ಬೀಗದಕೈ ಕೊಟ್ಟ.
"ಹುಲ್ಲು ತುಂಬ್ತೀಯಾ?"
ಇಲ್ಲ, ಆಟ, ಅಂದೆ.
ನನಗೆ ಮೂವತ್ತೊಂದು. ಸ್ವಲ್ಪ ಹೊತ್ತು ನನ್ನ ಮುಖ ನೋಡಿ
ಬೈಕು ಒದ್ದು ಹೊರಟುಹೋದ.

ಮೊದಲು ವಾಸನೆ.
ಬ್ಲೀಚಿಂಗು, ಸುಣ್ಣ, ಒಣಗಿದ ಸೊಪ್ಪು,
ಅದರಡಿ ಇನ್ನೂ ಒಂದು, ಹೆಸರಿಲ್ಲದ್ದು. ಹುಳದ್ದೇ ಇರಬೇಕು.
ಮೂರು ಸಲ ತೊಳೆದೆ. ಹೋಗಲಿಲ್ಲ. ಇರಲಿ.
ತಟ್ಟೆ ಜೋಡಿಸುತ್ತಿದ್ದ ಕಬ್ಬಿಣದ ಸ್ಟ್ಯಾಂಡಿಗೆ
ಎರಡು ಅಂತಸ್ತು ಕೊಯ್ಸಿ ಹಲಗೆ ಹಾಸಿದೆ,
ಮಂಡಿ ಹಿಡಿಸಲಿಲ್ಲ, ಇನ್ನೊಂದನ್ನೂ ಕೊಯ್ಸಿದೆ.
ಕಾಲಿನಡಿಯ ನೀರಿನ ಬಟ್ಟಲು ಮಾತ್ರ ತೆಗೆಯಲಿಲ್ಲ:
ಇರುವೆಗೆ ಕಂಪ್ಯೂಟರಿನ ಬಿಸಿಯೂ ಇಷ್ಟ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ದಿನವಿಡೀ
ಲಾಟ್ ನಂಬರು, ತೂಕ, ರೇಟು ಒತ್ತುವ ಬೆರಳು ನನ್ನವು.
ಸಂಬಳ ಕೂಡಿಟ್ಟು ಕೊಂಡೆ,
ಚಿಂತಾಮಣಿಯಲ್ಲಿ ಮುಚ್ಚಿದ ಸೈಬರ್ ಸೆಂಟರಿನ ಆರು ಡಬ್ಬ.
ಲಗೇಜ್ ಆಟೋದಲ್ಲಿ ಬಂದವು, ಕಂಬಳಿ ಹೊದ್ದು.
ಒಂದರೊಳಗೆ ಜಿರಲೆ ಸಂಸಾರ.
ಇನ್ನೊಂದಕ್ಕೆ ಎಡಗಡೆ ಎರಡು ಏಟು ಬಿದ್ದರೇ ಜೀವ,
ಮೂರು ಹಾಕಿದರೆ ಮುನಿಸು.

ತಂತಿ ಕೆಲಸ ಇಮ್ದಾದನದು.
ಅವರದು ರೀಲಿಂಗ್ ಮನೆತನ. ಕುದಿನೀರಿನೊಳಗೆ
ಎಂಟು ಗೂಡಿನ ತುದಿ ಹುಡುಕಿ ಹಿಡಿದು
ಒಂದು ನೂಲು ಮಾಡುವ ಕೈ,
ಬೆರಳ ತುದಿ ಸದಾ ನೆನೆದು ಬೆಳ್ಳಗೆ.
ಲ್ಯಾನ್ ಕೇಬಲ್ ಸುಲಿದು ಒಳಗೆ ನೋಡಿ ನಕ್ಕ,
"ಇದ್ರಲ್ಲೂ ಎಂಟೇ ಎಳೆ!"
ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ,
ಮಗ್ಗಿ ಹೇಳಿಕೊಂಡ ಹಾಗೆ ಹೇಳಿಕೊಂಡು ಕ್ರಿಂಪು ಒತ್ತಿದ.
ನಾನು ಹಾಕಿದ ನಾಲ್ಕರಲ್ಲಿ ಎರಡು ಸತ್ತವು.
ಅವನದು ಒಂದೂ ಇಲ್ಲ.

ಶನಿವಾರ ರಾತ್ರಿ ಹತ್ತಕ್ಕೆ ತ್ರೀಫೇಸ್ ಬಂತು, ಜನವೂ.
ಸೊಪ್ಪಿನ ಟೆಂಪೋದ ಪಿಳ್ಳಾಂಜಿನಪ್ಪ
ತನ್ನದೇ ಮಾನಿಟರು ಹೆಗಲ ಮೇಲೆ ಹೊತ್ತು, ಕುರಿಮರಿಯ ಹಾಗೆ.
ಡ್ಯೂಟಿ ಮುಗಿಸಿ ಬಂದ ನರ್ಸ್ ಸುಕನ್ಯಾ.
ಇಮ್ದಾದ್, ಅವನ ಇಬ್ಬರು ತಮ್ಮಂದಿರು.
ಚಪ್ಪಲಿ ಹೊರಗೆ. ಈ ಮನೆಯ ಹಳೇ ಕಾನೂನು.
"ಇಂಟರ್ನೆಟ್ ಇಲ್ವಾ?" ಅಂದ ಚಿಕ್ಕವನು.
ಯಾಕೋ? ನಿನ್ನ ಕೊಲ್ಲೋರೆಲ್ಲ ಇಲ್ಲೇ ಕೂತವ್ರಲ್ಲ.

ಕನ್ನಡ, ಉರ್ದು, ತೆಲುಗು,
ಬೈಗುಳಕ್ಕೆ ಮೂರೂ ಸಾಲದೆ ಬಂತು.
ಒಂದರ ಮೇಲೆ ಎಲ್ಲ ಸುಮ್ಮನಾದರು.
ಬರೀ ಬೆರಳು, ಬರೀ ಮೌಸು.
ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ಮೇಯುವ ಸದ್ದು,
ಅದೇ ಸದ್ದು, ಅದೇ ಗೋಡೆ.
ನನಗೊಬ್ಬಳಿಗೇ ಕೇಳಿಸಿತೋ ಏನೋ,
ಕೇಳುತ್ತಾ ಕೂತೆ, ಬೆನ್ನಿಗೆ ಗುಂಡು ಬಿತ್ತು.

ಆಗ ಬಾಗಿಲು ಸರಿಯಿತು. ಅಮ್ಮ, ಕೈಯಲ್ಲಿ ಟಾರ್ಚು.
ಇಪ್ಪತ್ತಾರು ವರ್ಷ ನಡುರಾತ್ರಿ ಎದ್ದು ಸೊಪ್ಪು ಹಾಕಿದ ದೇಹ.
ಯಾರ ಮುಖವನ್ನೂ ನೋಡದೆ
ಗೋಡೆಯ ಥರ್ಮಾಮೀಟರಿಗೆ ಬೆಳಕು ಬಿಟ್ಟಳು.
"ಮೂವತ್ಮೂರು ಐತೆ. ಹಿಂಗಾದ್ರೆ ಇವು ಗೂಡು ಕಟ್ಟಲ್ಲ ಕಣಮ್ಮಿ."
ಎರಡೂ ಕಿಟಕಿ ತೆರೆದಳು, ಊಜಿ ಪರದೆ ಎಳೆದಳು,
ಗೋಣಿ ನೆನೆಸಿ ನೇತುಹಾಕಿದಳು.
ಬಾಯಿ ಬಿಟ್ಟು ನೋಡುತ್ತಿದ್ದ ಪಿಳ್ಳಾಂಜಿನಪ್ಪ ಅತ್ತ ಸತ್ತ.

ಆಮೇಲೆ ಗೂಡಿನ ಕ್ರೇಟೊಂದು ಬೋರಲು ಹಾಕಿ
ನನ್ನ ಪಕ್ಕ ಕೂತಳು.
"ಇದ್ರಾಗೆ ನೀನ್ಯಾವ್ಳು?"
ನೀಲಿ ಅಂಗಿ. ಮೆಟ್ಟಿಲ ಕೆಳಗೆ ಬಿದ್ದಿರೋದು.
ಕಣ್ಣು ಕಿರಿದು ಮಾಡಿ ನೋಡಿದಳು.
"ಜ್ವರಕ್ಕೆ ಕೂತೈತೆ ಅನ್ನು."
ಹೂಂ. ಹತ್ತು ಸೆಕೆಂಡಿಗೆ ಏಳುತ್ತೆ.
ಅವಳು ಎಣಿಸತೊಡಗಿದಳು,
ಸೊಪ್ಪಿನ ಹೊರೆ ಎಣಿಸುವ ಹಾಗೆ, ತೆಲುಗಿನಲ್ಲಿ.